ಮೂಡಿಗೆರೆಯ ಫಾಂಟ್ ಚಿಂತೆ

ವೀಕೆಂಡಿಗೆ ದೇವರಮನೆ ಬೆಟ್ಟಕ್ಕೆ ಹೊರಟವರಿಗೆ ಮೂಡಿಗೆರೆ ಅಂದ್ರೆ ಕಾಫಿ, ಮಂಜು, ತೇಜಸ್ವಿ. ಆದರೆ ಇಲ್ಲಿನ ಕಾಫಿ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ (1938–2007) ಕನ್ನಡ ಫಾಂಟುಗಳಿಗಾಗಿಯೂ ತಲೆಕೆಡಿಸಿಕೊಂಡಿದ್ದರು. ಡಿಸೈನ್ ಮಾಡಿ ಬದುಕೋರು ತಿಳಿದಿರಬೇಕಾದ ಕಥೆ ಇದು.

ಆಗ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ನಮ್ಮ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಿ ಫಾಂಟ್ ಮಾಡ್ತಿದ್ದರು. ಒಬ್ಬೊಬ್ಬರದು ಒಂದೊಂದು ಜೋಡಣೆ. ಒಂದರಲ್ಲಿ ಟೈಪಿಸಿದ್ದನ್ನು ಇನ್ನೊಂದರಲ್ಲಿ ತೆರೆದರೆ ಬರೀ ಗೋಜಲು. ಅಂದರೆ ಫಾಂಟ್ ಮಾರಿದವರ ಕೈಯಲ್ಲೇ ನಿಮ್ಮ ಬರಹದ ಬೀಗ. 1998ರಲ್ಲಿ 'ಬರಹ' ಬಂತು, ಆಮೇಲೆ ಸರ್ಕಾರದ ಬೆಂಬಲದ 'ನುಡಿ'. ತೇಜಸ್ವಿಯವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ 'ಕುವೆಂಪು' ತಂತ್ರಾಂಶ ತಂತು.

ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟೂ ಇತ್ತು. ಆದರೆ ಮುದ್ರಣದವರ ಪೇಜ್‌ಮೇಕರಿಗೆ ಯುನಿಕೋಡ್ ಅರ್ಥವಾಗ್ತಿರಲಿಲ್ಲ. ಹಾಗಾಗಿ ಪ್ರೆಸ್ಸುಗಳು ಹಳೇ ಫಾಂಟುಗಳಲ್ಲೇ ಉಳಿದವು. ಆ ಫೈಲುಗಳಲ್ಲಿರೋ ಪುಸ್ತಕಗಳನ್ನು ಇವತ್ತು ಕನ್ನಡದಲ್ಲಿ ಹುಡುಕಿದರೆ ಸಿಗೋಲ್ಲ. ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು.

ಈಗ ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಮುಕ್ತ ಪರವಾನಗಿಯಲ್ಲಿವೆ. ದುಡ್ಡಿನ ಕೆಲಸಕ್ಕೂ ಬಳಸಬಹುದು. ಫಾಂಟನ್ನೇ ಬೇರೆಯಾಗಿ ಮಾರುವಂತಿಲ್ಲ, ಅಷ್ಟೇ. ಕ್ಲೈಂಟ್ ಹತ್ರ ಪಠ್ಯವನ್ನು ಯುನಿಕೋಡಿನಲ್ಲೇ ಕೇಳಿ, ಫಾಂಟಿನ ಪರವಾನಗಿಯನ್ನು ಬಿಲ್ಲಿನ ಜೊತೆಗೇ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಆ ಫೈಲ್ ತೆರೆಯೋರು ಯಾರೇ ಆಗಿರಲಿ, ಅವರಿಗೆ ಅದು ಓದೋಕೆ ಬರಬೇಕು.