ವಂದನೆಯಿಂದ ಶುರುವಾಗುವ ಲೆಕ್ಕ

ಶಾಲಾವರ್ಷ ಮುಗಿಯುವಾಗ ಕೃತಜ್ಞತೆಯ ಬಲಿಪೂಜೆ ಅರ್ಪಿಸುವುದು ಅನೇಕ ಕಥೋಲಿಕ ಶಾಲೆಗಳ ವಾಡಿಕೆ. ಇದರ ಹಿಂದೆ ಹಳೆಯದೊಂದು ಶಿಸ್ತಿದೆ. ಜೆಸ್ವಿಟ್ ಸಂಘದ ಸ್ಥಾಪಕ, ಲೊಯೋಲದ ಇಗ್ನೇಷಿಯಸ್ 1548ರಲ್ಲಿ ಅಚ್ಚಾದ ತಮ್ಮ ಧ್ಯಾನಗ್ರಂಥದಲ್ಲಿ ಆತ್ಮಪರೀಕ್ಷೆಗೆ ಐದು ಮೆಟ್ಟಿಲುಗಳನ್ನು ಹೇಳಿದರು. ಪಡೆದ ಉಪಕಾರಗಳಿಗಾಗಿ ದೇವರನ್ನು ವಂದಿಸುವುದೇ ಮೊದಲನೆಯದು. ತಪ್ಪುಗಳ ಎಣಿಕೆ ಆಮೇಲೆ. ಅಂಕಪಟ್ಟಿ ಕೈಗೆ ಬರುವ ದಿನಗಳಲ್ಲಿ ಈ ಕ್ರಮಕ್ಕೆ ವಿಶೇಷ ಬೆಲೆಯಿದೆ.

ಆ ಶಿಸ್ತು ಇಟಲಿಯ ಜೆಸ್ವಿಟರೊಂದಿಗೆ ಮಂಗಳೂರಿಗೂ ಬಂತು.

1880ರಲ್ಲಿ ಅವರು ತೆರೆದ ಸಂತ ಅಲೋಶಿಯಸ್ ಕಾಲೇಜಿಗೆ ಹೆಸರು ಕೊಟ್ಟವರು ಅಲೋಶಿಯಸ್ ಗೊನ್ಜಾಗಾ. ಅರಸುಮನೆತನದ ಹಕ್ಕು ಬಿಟ್ಟುಕೊಟ್ಟು ಸಂಘ ಸೇರಿದ ಈ ತರುಣ, ರೋಮ್‌ನಲ್ಲಿ ಸಾಂಕ್ರಾಮಿಕ ರೋಗಿಗಳ ಸೇವೆ ಮಾಡುತ್ತ ತಾನೂ ಸೋಂಕಿಗೆ ತುತ್ತಾಗಿ 1591ರ ಜೂನ್ 21ರಂದು, 23ನೇ ವಯಸ್ಸಿನಲ್ಲಿ ತೀರಿಕೊಂಡ. ಮುಂದೆ ಪೋಪ್ ಹದಿಮೂರನೆಯ ಬೆನೆಡಿಕ್ಟ್ ಆತನನ್ನು ವಿದ್ಯಾರ್ಥಿಗಳ ಪಾಲಕಸಂತನೆಂದು ಸಾರಿದರು. ಕಾಲೇಜಿನ ಪ್ರಾರ್ಥನಾಲಯದ ಛಾವಣಿಯಲ್ಲಿ ಈ ಬದುಕಿನ ಕಥೆಯಿದೆ. ಬೆರ್ಗಾಮೊ ಸೀಮೆಯ ಬ್ರದರ್ ಅಂತೋನಿಯೊ ಮೊಸ್ಕೆನಿ 19ನೇ ಶತಮಾನದ ಕೊನೆಯಲ್ಲಿ ಬಂದು ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ನಂಬಿಕೆಯೆಂದರೆ ಬಾಯಿಪಾಠವಲ್ಲ, ರೋಗಿಯನ್ನು ಎತ್ತಿಕೊಳ್ಳುವ ಕೈ ಎಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಸಿಗದು.

ಒಂದು ವ್ಯತ್ಯಾಸ ಸ್ವಾರಸ್ಯಕರ. ಇಟಲಿಯಲ್ಲಿ ಅಲೋಶಿಯಸರ ಹಬ್ಬ ಶಾಲೆಗಳು ಮುಚ್ಚುವ ಜೂನ್ ತಿಂಗಳಲ್ಲಿ ಬರುತ್ತದೆ. ಕರಾವಳಿಯಲ್ಲಿ ಅದೇ ತಿಂಗಳು ಮಳೆಯೊಂದಿಗೆ ಹೊಸ ತರಗತಿಗಳು ಶುರುವಾಗಿರುತ್ತವೆ. ಅಲ್ಲಿ ವರ್ಷವನ್ನು ಬೀಳ್ಕೊಡುವ ಸಂತ, ಇಲ್ಲಿ ಹೊಸ ವರ್ಷದ ಮಕ್ಕಳನ್ನು ಸ್ವಾಗತಿಸುತ್ತಾನೆ.