ಫಾರ್ಮ್ಯಾಟ್ ಹೊಡೆಯುವ ಮುನ್ನ: ಕನ್ನಡದ ಡಿಟಿಪಿ ಮತ್ತು ಬದಲಾಗುತ್ತ ಬಂದ ವಿಂಡೋಸ್

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಾನು ಪುಸ್ತಕದ ಪುಟ ಕಟ್ಟಿಸಲು ಹೋಗುವ ಡಿಟಿಪಿ ಅಂಗಡಿಯಲ್ಲಿ ಮೂರು ಕಂಪ್ಯೂಟರುಗಳಿವೆ. ಎರಡು ಹೊಸವು. ಮೂಲೆಯಲ್ಲಿರುವ ಮೂರನೆಯದಕ್ಕೆ ಇಂಟರ್ನೆಟ್ ಸಂಪರ್ಕ ಕೊಟ್ಟಿಲ್ಲ. ಅದರ ಸಿಪಿಯು ಮೇಲೆ ಕೈಬರಹದ ಒಂದು ಚೀಟಿ: ‘ಯಾರೂ ಫಾರ್ಮ್ಯಾಟ್ ಮಾಡಬೇಡಿ’. ಒಳಗೆ ಓಡುತ್ತಿರುವುದು 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ. ತಯಾರಕರು ಅದರ ಕೈಬಿಟ್ಟದ್ದು 2014ರ ಏಪ್ರಿಲ್ 8ರಂದು. ಅಂಗಡಿಯವರು ಮಾತ್ರ ಬಿಟ್ಟಿಲ್ಲ. ಇಪ್ಪತ್ತು ವರ್ಷಗಳಲ್ಲಿ ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶದಲ್ಲಿ ಅವರು ಮಾಡಿದ ಪುಟಗಳು ಕನ್ನಡವಾಗಿ ಕಾಣುವುದು ಅದೊಂದೇ ಪರದೆಯ ಮೇಲೆ.

ಆಪರೇಟಿಂಗ್ ಸಿಸ್ಟಂ ಬದಲಾಯಿಸುವುದು, ಹೊಂದದಿದ್ದರೆ ಹಳೆಯದಕ್ಕೆ ಮರಳುವುದು ಎಲ್ಲ ಭಾಷೆಯವರಿಗೂ ಬರುವ ಕೆಲಸ. ಇಂಗ್ಲಿಷಿನವರಿಗೆ ಅದು ಅರ್ಧ ದಿನದ ಕಿರಿಕಿರಿಯಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ದುಡಿಯುವವರಿಗೆ ಅದು ಇಡೀ ದಾಸ್ತಾನಿನ ಪ್ರಶ್ನೆಯಾಯಿತು. ಯಾಕೆ ಹಾಗಾಯಿತು, ಮರಳುವ ದಾರಿ ಈ ಮೂವತ್ತು ವರ್ಷಗಳಲ್ಲಿ ಹೇಗೆ ಹಿಗ್ಗಿತು, ಎಲ್ಲಿ ಕುಗ್ಗಿತು ಎಂಬುದನ್ನು ಒಮ್ಮೆ ಸಾಲಾಗಿ ನೋಡಬೇಕು.

ಮೊಳೆ ಜೋಡಿಸುತ್ತಿದ್ದ ಪ್ರೆಸ್ಸುಗಳು ತೊಂಬತ್ತರ ದಶಕದಲ್ಲಿ ಕಂಪ್ಯೂಟರಿಗೆ ಬಂದಾಗ ವಿಂಡೋಸಿಗೆ ಕನ್ನಡವೆಂಬ ಲಿಪಿ ಇದೆಯೆಂದೇ ಗೊತ್ತಿರಲಿಲ್ಲ. ಹಾಗಾಗಿ ನಮ್ಮವರು ಒಂದು ಉಪಾಯ ಹೂಡಿದರು. ಇಂಗ್ಲಿಷ್ ಅಕ್ಷರಗಳಿಗೂ ಯೂರೋಪಿನ ಗುರುತುಗಳಿಗೂ ಮೀಸಲಾದ 256 ಮನೆಗಳಲ್ಲಿ ಕನ್ನಡದ ಅಕ್ಷರ, ಕೊಂಬು, ದೀರ್ಘ, ಒತ್ತುಗಳ ಚೂರುಗಳನ್ನು ಕೂರಿಸಿದರು. ಫಾಂಟ್ ಇದ್ದರೆ ಅದು ಕನ್ನಡ. ಫಾಂಟ್ ಹೋದರೆ ತಲೆಬುಡವಿಲ್ಲದ ಲ್ಯಾಟಿನ್ ಗುರುತುಗಳ ಸಾಲು. ಶ್ರೀಲಿಪಿ, ಆಕೃತಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಎಲ್ಲವೂ ಮೊದಲು ನಿಂತದ್ದು ಈ ಉಪಾಯದ ಮೇಲೆಯೇ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಸರ್ಕಾರ ಒಪ್ಪಿದ್ದರಿಂದ ಬೆರಳುಗಳಿಗೆ ಒಂದೇ ದಾರಿ ಸಿಕ್ಕಿತು. ಒಳಗಿನ ಸಂಕೇತಗಳಿಗೆ ಆ ಭಾಗ್ಯ ಪೂರ್ತಿಯಾಗಿ ಬರಲಿಲ್ಲ. ಬೇರೆ ಬೇರೆ ಕಂಪನಿಗಳ ಫಾಂಟುಗಳಲ್ಲಿ ಒಂದೇ ಅಕ್ಷರಕ್ಕೆ ಬೇರೆ ಬೇರೆ ಮನೆ. ಹೀಗೆ ಪಠ್ಯ ಫಾಂಟಿಗೆ, ಫಾಂಟ್ ತಂತ್ರಾಂಶಕ್ಕೆ, ತಂತ್ರಾಂಶ ವಿಂಡೋಸಿನ ಒಂದು ಆವೃತ್ತಿಗೆ ಕಟ್ಟುಬಿದ್ದವು. ಕೆಲವು ತಂತ್ರಾಂಶಗಳಿಗೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಹಾರ್ಡ್‌ವೇರ್ ಲಾಕ್ ಬೇರೆ ಇತ್ತು. ಅದರ ಡ್ರೈವರ್ ಹೊಸ ವಿಂಡೋಸಿಗೆ ಒಗ್ಗದಿದ್ದರೆ ದುಡ್ಡು ಕೊಟ್ಟು ಕೊಂಡದ್ದೂ ತೆರೆಯುತ್ತಿರಲಿಲ್ಲ.

ಮರಳುವ ದಾರಿ ಮೊದಲಿನಿಂದಲೂ ಇತ್ತು, ಕಿರಿದಾಗಿ. ವಿಂಡೋಸ್ 3.1ರಿಂದ 95ಕ್ಕೆ ಹೋಗುವಾಗ, 95ರಿಂದ 98ಕ್ಕೆ ಹೋಗುವಾಗ, ಕೇಳಿದರೆ ವಿಂಡೋಸ್ ಹಳೆಯ ಸಿಸ್ಟಂ ಕಡತಗಳನ್ನು ಒಂದು ಗಂಟು ಕಟ್ಟಿ ಡಿಸ್ಕಿನಲ್ಲೇ ಇಡುತ್ತಿತ್ತು. ಹೊಸದು ಬೇಡವೆಂದರೆ ಆ ಗಂಟು ಬಿಚ್ಚಿ ಹಳೆಯದನ್ನು ನಿಲ್ಲಿಸುತ್ತಿತ್ತು. ಆದರೆ ಡಿಸ್ಕಿನ ವ್ಯವಸ್ಥೆಯನ್ನು ಫ್ಯಾಟ್ 32ಕ್ಕೆ ಬದಲಾಯಿಸಿದ ಗಳಿಗೆಯಲ್ಲಿ 98ರಿಂದ ಮರಳುವ ಬಾಗಿಲು ಮುಚ್ಚುತ್ತಿತ್ತು. ಎಕ್ಸ್‌ಪಿಯದೂ ಅದೇ ಕಥೆ: 98ರ ಮೇಲೆ ಹಾಕಿದ ಎಕ್ಸ್‌ಪಿಯನ್ನು ತೆಗೆಯಬಹುದಿತ್ತು, ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ ಬದಲಾಯಿಸದೆ ಇದ್ದರೆ ಮಾತ್ರ. ಹೊಸ ವಿಂಡೋಸ್ ಹಾಕಿದ ದಿನವೇ ಡಿಸ್ಕಿನ ವ್ಯವಸ್ಥೆಯನ್ನೂ ಬದಲಾಯಿಸಬಾರದು, ಒಂದು ತಿಂಗಳು ಕೆಲಸ ಮಾಡಿ ನೋಡಿ ಆಮೇಲೆ ಮುಟ್ಟಬೇಕು ಎಂಬ ಎಚ್ಚರ ಹುಟ್ಟಬೇಕಾದದ್ದು ಅಲ್ಲಿ. 2000ದ ವಿಂಡೋಸ್ ಮಿಲೆನಿಯಂ ಜೊತೆ ಸಿಸ್ಟಂ ರಿಸ್ಟೋರ್ ಬಂತು. ಅದು ಸಿಸ್ಟಮಿನ ಕಡತಗಳನ್ನೂ ರಿಜಿಸ್ಟ್ರಿಯನ್ನೂ ಹಿಂದಿನ ದಿನಕ್ಕೆ ಒಯ್ಯುತ್ತದೆ. ನೀವು ಟೈಪ್ ಮಾಡಿದ್ದನ್ನು ಕಾಯುವುದು ಅದರ ಕೆಲಸವಲ್ಲ. ಈ ವ್ಯತ್ಯಾಸ ತಿಳಿಯದೆ ನೊಂದವರನ್ನು ನಾನು ಬಹಳ ಕಂಡಿದ್ದೇನೆ.

ಎಕ್ಸ್‌ಪಿ ಕನ್ನಡಕ್ಕೆ ದೊಡ್ಡ ತಿರುವು. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ವಿಂಡೋಸ್ 2000 ಹೊರಬಂದಾಗ ಅದರಲ್ಲಿದ್ದದ್ದು ದೇವನಾಗರಿ ಮತ್ತು ತಮಿಳು. ಕನ್ನಡ ಬಂದದ್ದು ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನ ಜೊತೆ. ಅದೂ ತಾನಾಗಿ ಕಾಣುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಭಾಷೆಯ ವಿಭಾಗಕ್ಕೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಬೇಕು, ಆಗ ಅದು ಎಕ್ಸ್‌ಪಿಯ ಸಿಡಿ ಕೇಳುತ್ತದೆ. ಸಿಡಿ ಕಳೆದುಕೊಂಡವರಿಗೆ ಕನ್ನಡ ಇಲ್ಲ. ಇಷ್ಟಾದರೂ ಒಂದು ಅಪ್‌ಡೇಟ್ ನಮ್ಮ ಲಿಪಿಯನ್ನು ಆಪರೇಟಿಂಗ್ ಸಿಸ್ಟಮಿನ ಒಳಗೇ ತಂದಿತು ಎಂಬುದನ್ನು ಮರೆಯಬಾರದು. ಅಪ್‌ಡೇಟ್ ಎಂದರೆ ಹೆದರಿ ಕೂರುವವರಿಗೆ ನಾನು ಹೇಳುವುದು ಇದನ್ನೇ.

ಪ್ರೆಸ್ಸುಗಳು ಯುನಿಕೋಡಿನ ದಾರಿ ಹಿಡಿಯಲಿಲ್ಲ, ಹಿಡಿಯುವಂತೆಯೂ ಇರಲಿಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಕನ್ನಡ ಕಟ್ಟಲು ಬರುತ್ತಿರಲಿಲ್ಲ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುವ ಏರ್ಪಾಡು 2012ರ ಸಿಎಸ್6ರವರೆಗೆ ಬರಲಿಲ್ಲ. ನಡುವಿನ ಹನ್ನೊಂದು ವರ್ಷ ಬೆಂಗಳೂರಿನ ಕನ್ನಡ ಪುಸ್ತಕೋದ್ಯಮ ಹಳೆಯ ಸಂಕೇತದಲ್ಲೇ ಪುಟ ಕಟ್ಟಿತು. ಇವತ್ತು ನಮ್ಮನ್ನು ಕಾಡುವ ದಾಸ್ತಾನಿನ ಬಹುಪಾಲು ಆ ಅವಧಿಯದು.

ಆ ವರ್ಷಗಳಲ್ಲಿ ಕಂಪ್ಯೂಟರ್ ಮಂಕಾದರೆ ಇದ್ದದ್ದು ಒಂದೇ ಮದ್ದು: ಫಾರ್ಮ್ಯಾಟ್ ಹೊಡೆಯುವುದು. ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಿಂದ ಹುಡುಗನೊಬ್ಬ ಸಿಡಿಗಳ ಪೌಚ್ ಹಿಡಿದು ಬರುತ್ತಿದ್ದ. ‘ಡೇಟಾ ಎಲ್ಲ ಡಿ ಡ್ರೈವ್‌ನಲ್ಲಿದೆ ತಾನೇ ಸಾರ್?’ ಎಂದು ಕೇಳಿ ಸಿ ಡ್ರೈವನ್ನು ಒರೆಸಿಬಿಡುತ್ತಿದ್ದ. ಪ್ರಶ್ನೆಯೇನೋ ಸರಿಯಾದದ್ದೇ. ಆದರೆ ಡೆಸ್ಕ್‌ಟಾಪ್ ಮೇಲೆ ಉಳಿಸಿದ್ದೂ ಮೈ ಡಾಕ್ಯುಮೆಂಟ್ಸ್‌ನಲ್ಲಿದ್ದದ್ದೂ ಇರುವುದು ಸಿ ಡ್ರೈವಿನಲ್ಲಿ. ಫಾಂಟುಗಳ ಫೋಲ್ಡರ್ ಇರುವುದೂ ಅಲ್ಲೇ. ನಾನು ಕೈಹಾಕಿದ್ದ ಒಂದು ಸ್ಮರಣ ಸಂಚಿಕೆಗೆ ಆದದ್ದು ಇದೇ. ಪುಟಗಳೆಲ್ಲ ಡಿ ಡ್ರೈವಿನಲ್ಲಿ ಸುರಕ್ಷಿತವಾಗಿದ್ದವು, ಫಾಂಟ್ ಹೋಯಿತು. ಬೇರೆ ಅಂಗಡಿಯಿಂದ ಅದೇ ಹೆಸರಿನ ಫಾಂಟ್ ತಂದು ಹಾಕಿದೆವು. ಅದು ಬೇರೆ ಆವೃತ್ತಿಯದು. ಅಕ್ಷರಗಳೆಲ್ಲ ಬಂದವು, ಕೆಲವು ಒತ್ತುಗಳು ಮಾತ್ರ ಅದಲುಬದಲಾದವು. ಮೇಲ್ನೋಟಕ್ಕೆ ಸರಿಯಾಗಿ ಕಾಣುವ ತಪ್ಪು ಅದು. ಬಟರ್ ಪೇಪರ್ ಮೇಲೆ ಪ್ರಿಂಟ್ ಬಂದಮೇಲೆ ಕಣ್ಣಿಗೆ ಬಿತ್ತು. ಮೂರು ರಾತ್ರಿ ಕೂತು ಒಂದೊಂದೇ ಸಾಲು ತಿದ್ದಿದೆವು. ಪೇಜ್‌ಮೇಕರ್ ಕಡತ ತನ್ನೊಳಗೆ ಫಾಂಟನ್ನು ಹೊತ್ತುಕೊಂಡು ಹೋಗುವುದಿಲ್ಲ ಎಂಬ ಪಾಠ ನನಗೆ ಆ ಮೂರು ರಾತ್ರಿಗಳಲ್ಲಿ ಹತ್ತಿತು.

ಚುರುಕಾದ ಹುಡುಗರು ಆಗಲೇ ಘೋಸ್ಟ್ ಎಂಬ ತಂತ್ರಾಂಶ ಬಳಸುತ್ತಿದ್ದರು. ವಿಂಡೋಸ್, ಪೇಜ್‌ಮೇಕರ್, ಫಾಂಟ್, ಪ್ರಿಂಟರ್ ಡ್ರೈವರ್ ಎಲ್ಲವನ್ನೂ ಹಾಕಿ, ಒಂದು ಪ್ರಿಂಟ್ ತೆಗೆದು ನೋಡಿ, ಆ ಇಡೀ ಸಿ ಡ್ರೈವಿನ ಪಡಿಯಚ್ಚನ್ನು ಒಂದು ಕಡತವಾಗಿ ಡಿವಿಡಿಗೋ ಇನ್ನೊಂದು ಡಿಸ್ಕಿಗೋ ಇಳಿಸುವುದು. ಕೆಟ್ಟರೆ ಅರ್ಧ ಗಂಟೆಯಲ್ಲಿ ಅದೇ ಸ್ಥಿತಿಗೆ ಮರಳುವುದು. ಮರಳುವುದಕ್ಕೆ ಅದಕ್ಕಿಂತ ನಂಬಬಹುದಾದ ವಿಧಾನ ಇವತ್ತಿಗೂ ಬಂದಿಲ್ಲ ಎಂದೇ ನನ್ನ ತೀರ್ಮಾನ. ಹೆಸರುಗಳು ಬದಲಾಗಿವೆ, ತತ್ವ ಅದೇ.

2007ರ ವಿಸ್ಟಾ, 2009ರ ವಿಂಡೋಸ್ 7 ಬೇರೆಯದೇ ತೊಡಕು ತಂದವು. ಸಾಧಾರಣ ಅಧಿಕಾರದಲ್ಲಿ ಓಡುವ ತಂತ್ರಾಂಶ, ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡುವ ತಂತ್ರಾಂಶದೊಳಕ್ಕೆ ಕೀಲಿಗಳನ್ನು ಕಳಿಸದಂತೆ ವಿಸ್ಟಾದಿಂದ ತಡೆ ಬಿತ್ತು. ಹಳೆಯ ಪೇಜ್‌ಮೇಕರ್ ಸರಿಯಾಗಿ ಓಡಲೆಂದು ಅದಕ್ಕೆ ಆ ಅಧಿಕಾರ ಕೊಟ್ಟರೆ, ಕನ್ನಡದ ಕೀಲಿಮಣೆ ತಂತ್ರಾಂಶ ಹೊರಗೇ ನಿಲ್ಲುತ್ತಿತ್ತು. ಟೈಪ್ ಮಾಡಿದ್ದೆಲ್ಲ ಇಂಗ್ಲಿಷ್. ಎರಡಕ್ಕೂ ಒಂದೇ ಅಧಿಕಾರ ಕೊಟ್ಟರೆ ಸರಿಹೋಗುವ ಈ ಸಣ್ಣ ವಿಷಯ ತಿಳಿಯದೆ ಎಕ್ಸ್‌ಪಿಗೆ ವಾಪಸ್ ಹೋದವರಿದ್ದಾರೆ. 64 ಬಿಟ್ ವಿಂಡೋಸ್ 16 ಬಿಟ್ಟಿನ ಹಳೆಯ ಇನ್‌ಸ್ಟಾಲರುಗಳನ್ನು ಪೂರ್ತಿ ನಿರಾಕರಿಸಿತು. ಎಕ್ಸ್‌ಪಿಯಿಂದ 7ಕ್ಕೆ ನೇರ ಏರುವ ಮೆಟ್ಟಿಲೂ ಇರಲಿಲ್ಲ, ಹೊಸದಾಗಿಯೇ ಹಾಕಬೇಕಿತ್ತು. ಆದರೆ ಫಾರ್ಮ್ಯಾಟ್ ಮಾಡದೆ ಹಾಕಿದರೆ ಹಳೆಯದೆಲ್ಲ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಉಳಿಯುತ್ತಿತ್ತು. 7ರ ಪ್ರೊಫೆಷನಲ್ ಆವೃತ್ತಿಗೆ ಎಕ್ಸ್‌ಪಿ ಮೋಡ್ ಎಂಬುದನ್ನೂ ಕೊಟ್ಟರು: ಕಂಪ್ಯೂಟರಿನ ಒಳಗೊಂದು ಕಾಲ್ಪನಿಕ ಎಕ್ಸ್‌ಪಿ ಯಂತ್ರ. ಹಳೆಯ ಪುಟಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ನಮ್ಮ ಅಂಗಡಿಗಳು ಅದನ್ನು ಹೆಚ್ಚು ಬಳಸಿಕೊಳ್ಳದೆ ಹೋದದ್ದು ನಷ್ಟ.

2015ರ ಜುಲೈ 29ರಂದು ಬಂದ ವಿಂಡೋಸ್ 10 ಒಂದು ವರ್ಷ ಉಚಿತವಾಗಿ ದೊರೆಯಿತು. ಹಿಂದಿನ ಆವೃತ್ತಿಗೆ ಮರಳುವ ಗುಂಡಿ ಸೆಟ್ಟಿಂಗ್ಸ್‌ನಲ್ಲೇ ಬಂದದ್ದು ನಿಜವಾದ ಸುಧಾರಣೆ. ಮೊದಲು ಅದಕ್ಕೆ 30 ದಿನ ಗಡುವಿತ್ತು, 2016ರಲ್ಲಿ ಅದನ್ನು 10 ದಿನಕ್ಕೆ ಇಳಿಸಿದರು. ಒಂದು ಕಮಾಂಡ್ ಕೊಟ್ಟು ಗಡುವನ್ನು 60 ದಿನದವರೆಗೆ ಹಿಗ್ಗಿಸಿಕೊಳ್ಳಬಹುದು. ಅದು ಬಹಳ ಜನಕ್ಕೆ ಗೊತ್ತಿಲ್ಲ. ಡಿಸ್ಕ್ ತುಂಬಿತೆಂದು ಕ್ಲೀನಪ್ ಮಾಡಿ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರನ್ನು ಅಳಿಸಿದರೆ ಗಡುವಿನ ಒಳಗೂ ಮರಳಲಾಗದು. ಮರಳಿದರೂ ಅಪ್‌ಡೇಟ್ ಆದಮೇಲೆ ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ಪುಸ್ತಕವೊಂದು ಅಂಗಡಿಯಲ್ಲಿ ಮೂರು ತಿಂಗಳು ಇರುತ್ತದೆ. ಹತ್ತು ದಿನದಲ್ಲಿ ಯಾವ ದೋಷ ಬಯಲಾದೀತು?

ಇದೇ ವಿಂಡೋಸ್ 10ರಲ್ಲಿ ತುಂಗಾ ಹಿಂದಿನ ಸಾಲಿಗೆ ಸರಿಯಿತು. ಕನ್ನಡಕ್ಕೆ ನಿರ್ಮಲಾ ಮುಖ್ಯ ಫಾಂಟಾಯಿತು, ತುಂಗಾ ಬೇಕಾದರೆ ಐಚ್ಛಿಕ ಭಾಗವಾಗಿ ಹಾಕಿಕೊಳ್ಳಬೇಕು. ತುಂಗಾದಲ್ಲಿ ಮಾಡಿದ ಹಳೆಯ ಪತ್ರಗಳನ್ನು ಹೊಸದಾಗಿ ವಿಂಡೋಸ್ ಹಾಕಿದ ಯಂತ್ರದಲ್ಲಿ ತೆರೆದರೆ ಸಾಲು, ಪುಟಗಳ ಲೆಕ್ಕ ತಪ್ಪಬಹುದು. ಆದರೆ ಅಕ್ಷರ ಒಂದೂ ಕೆಡುವುದಿಲ್ಲ. ಯುನಿಕೋಡಿಗೂ ಹಳೆಯ ಉಪಾಯಕ್ಕೂ ಇರುವ ಅಂತರ ಇಷ್ಟರಲ್ಲೇ ಕಾಣುತ್ತದೆ.

ಮರಳುವ ಗುಂಡಿಯನ್ನೇ ನಂಬಿದವರಿಗೆ 2018ರ ಅಕ್ಟೋಬರ್ ಒಂದು ಎಚ್ಚರಿಕೆ. ವಿಂಡೋಸ್ 10ರ 1809 ಎಂಬ ಆವೃತ್ತಿ ಅಕ್ಟೋಬರ್ 2ರಂದು ಹೊರಬಿದ್ದು, ಕೆಲವರ ಸ್ವಂತ ಕಡತಗಳನ್ನೇ ಅಳಿಸಿತೆಂದು ದೂರು ಬಂದು, ಕೆಲವೇ ದಿನಗಳಲ್ಲಿ ನಿಂತಿತು. ಮತ್ತೆ ಹೊರಟದ್ದು ನವೆಂಬರ್ 13ಕ್ಕೆ. ಹಿಂದಕ್ಕೆ ಹೋಗುವ ಗುಂಡಿ ಒತ್ತಿದರೆ ಸಿಸ್ಟಂ ಮರಳುತ್ತದೆ, ಅಳಿಸಿಹೋದ ಕಡತ ಮರಳುವುದಿಲ್ಲ. ಯಂತ್ರವೇ ಏಳದಿದ್ದರೆ ಆ ಗುಂಡಿ ಒತ್ತುವಂತೆಯೂ ಇಲ್ಲ: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಒಂದು ಸಣ್ಣ ಕಡತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿದಾಗ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು.

ಫೋನುಗಳ ಕಥೆ ಚಿಕ್ಕದು. 2012ರ ಆಂಡ್ರಾಯ್ಡ್ 4.1 ಕನ್ನಡಕ್ಕೆ ಬೆಂಬಲ ತಂದಿತು. ಅಲ್ಲಿಯವರೆಗೆ ಬಹಳ ಫೋನುಗಳಲ್ಲಿ ಕನ್ನಡವೆಂದರೆ ಖಾಲಿ ಚೌಕಗಳು. 2016ರ ಆಂಡ್ರಾಯ್ಡ್ 7ರಿಂದ ಕೆಲವು ಫೋನುಗಳಲ್ಲಿ ಸಿಸ್ಟಮಿಗೆ ಎರಡು ಅಂಕಣ: ಒಂದು ಓಡುತ್ತಿರುವಾಗ ಹೊಸದು ಇನ್ನೊಂದರಲ್ಲಿ ಕೂರುತ್ತದೆ, ಹೊಸದು ಏಳದಿದ್ದರೆ ಹಳೆಯದೇ ಏಳುತ್ತದೆ.

ಆ ಎರಡು ಅಂಕಣದ ಉಪಾಯವನ್ನು ನಮ್ಮ ಡಿಟಿಪಿ ಮೇಜಿಗೂ ತರಬಹುದು. ಹೊಸ ವಿಂಡೋಸ್ ಹಾಕುವ ಮುನ್ನ ಹಳೆಯ ಡಿಸ್ಕನ್ನು ಬಿಚ್ಚಿ, ದಿನಾಂಕ ಬರೆದು, ಬೀರುವಿನಲ್ಲಿ ಇಡಿ. ಹೊಸ ಎಸ್‌ಎಸ್‌ಡಿ ಕೊಂಡು ಅದರ ಮೇಲೆ ಹೊಸದನ್ನು ಹಾಕಿ. ಆ ಹಳೆಯ ಡಿಸ್ಕಿಗೆ ಗಡುವಿಲ್ಲ. ಬಿಚ್ಚುವ ಮುನ್ನ ಫಾಂಟುಗಳ ಫೋಲ್ಡರನ್ನೂ ಡೆಸ್ಕ್‌ಟಾಪನ್ನೂ ಪೆನ್‌ಡ್ರೈವಿಗೆ ನಕಲು ಮಾಡಿ, ಬೇರೆ ಯಂತ್ರದಲ್ಲಿ ಒಂದು ಪುಟ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪಲ್ಲ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಅರ್ಧಕ್ಕೆ ನಿಲ್ಲುತ್ತದೆ, ಯುಪಿಎಸ್ ಬ್ಯಾಟರಿಗೆ ಇನ್ನೂ ಜೀವವಿದೆಯೇ ನೋಡಿಕೊಂಡೇ ಶುರುಮಾಡಿ. ಹಳೆಯ ಪುಟಗಳನ್ನು ಯುನಿಕೋಡಿಗೆ ಪರಿವರ್ತಿಸುವಾಗ ನಡುನಡುವಿನ ಇಂಗ್ಲಿಷ್ ಪದಗಳು ಕನ್ನಡದ ಚೂರುಗಳಾಗಿಬಿಡುತ್ತವೆ, ಅರ್ಕಾವತ್ತು ಜಾಗ ತಪ್ಪಬಹುದು. ಒಂದು ಕರಡು ತಿದ್ದಲೇಬೇಕು. ಪಿಡಿಎಫ್ ಇದೆಯಲ್ಲ ಎಂದು ಸುಮ್ಮನಿರುವಂತಿಲ್ಲ. ಹಳೆಯ ಫಾಂಟಿನ ಪಿಡಿಎಫ್ ಕಣ್ಣಿಗೆ ಕನ್ನಡ, ಪಠ್ಯವನ್ನು ನಕಲು ಮಾಡಿದರೆ ಲ್ಯಾಟಿನ್ ಕಸ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುವುದರಿಂದ ಗಾಂಧಿಬಜಾರಿನಿಂದ ಮಲ್ಲೇಶ್ವರದವರೆಗೆ ಎಷ್ಟೋ ಹಳೆಯ ಸಿಪಿಯುಗಳು ಗುಜರಿಗೆ ಹೋಗಲಿವೆ. ಪ್ರಕಾಶಕರಲ್ಲಿ, ಪ್ರೆಸ್ಸಿನವರಲ್ಲಿ, ಮನೆಯಲ್ಲಿ ತಂದೆಯವರ ಹಸ್ತಪ್ರತಿ ಟೈಪ್ ಮಾಡಿಸಿಟ್ಟವರಲ್ಲಿ ನನ್ನದೊಂದು ಕೋರಿಕೆ: ಪೆಟ್ಟಿಗೆಯನ್ನು ತೂಕಕ್ಕೆ ಹಾಕುವ ಮುನ್ನ ಅದರೊಳಗಿನ ಹಾರ್ಡ್ ಡಿಸ್ಕನ್ನು ಬಿಚ್ಚಿಟ್ಟುಕೊಳ್ಳಿ. ಒಂದು ಸ್ಕ್ರೂಡ್ರೈವರ್, ಐದು ನಿಮಿಷ ಸಾಕು.