ಅರ್ಜಿಯೊಡನೆ ಲಗತ್ತಿಸುವ ಪತ್ರಗಳು: ಮ್ಯಾನೇಜ್‌ಮೆಂಟ್ ವಿದ್ಯಾಸಂಸ್ಥೆಗಳ ಪ್ರವೇಶವನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ಪ್ರತಿ ವರ್ಷ ಆಗಸ್ಟ್ ಮಾಸದಲ್ಲಿ ಪದವಿಯ ಅಂತಿಮ ತರಗತಿಯ ವಿದ್ಯಾರ್ಥಿಗಳು ಕೆಲವರು ಇತಿಹಾಸ ವಿಭಾಗದ ಕೊಠಡಿಯನ್ನು ಹುಡುಕಿಕೊಂಡು ಬರುವುದುಂಟು. ಅವರಿಗೆ ಬೇಕಾಗಿರುವುದು ಇತಿಹಾಸವಲ್ಲ. ಮ್ಯಾನೇಜ್‌ಮೆಂಟ್ ವಿದ್ಯಾಸಂಸ್ಥೆಗಳ ಪ್ರವೇಶಕ್ಕಾಗಿ ನಡೆಯುವ ಕ್ಯಾಟ್ ಪರೀಕ್ಷೆಗೆ ಹೆಸರನ್ನು ನೋಂದಾಯಿಸುವ ಕಾಲ ಅದು. ಯಾವ ಪತ್ರವನ್ನು ಯಾವ ಕಚೇರಿಯಿಂದ ತರಬೇಕು, ಯಾವುದರಲ್ಲಿ ಹೆಸರು ಹೇಗಿರಬೇಕು ಎಂಬ ವಿಷಯದಲ್ಲಿ ಸಲಹೆ ಕೇಳಲು ಅವರು ಬರುತ್ತಾರೆ. ಅವರ ಕೈಯಲ್ಲಿರುವ ಕಡತವನ್ನು ಬಿಚ್ಚಿ ನೋಡಿದರೆ ಹತ್ತನೆಯ ತರಗತಿಯ ಅಂಕಪಟ್ಟಿ, ಪದವಿಪೂರ್ವ ಪರೀಕ್ಷೆಯ ಅಂಕಪಟ್ಟಿ, ಪದವಿಯ ಅಂಕಪಟ್ಟಿಗಳು, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಭಾವಚಿತ್ರ, ಸಹಿ ಮೊದಲಾದವು ಕಾಣುತ್ತವೆ. ಇವೆಲ್ಲವೂ ಒಂದೇ ಕಾಲದಲ್ಲಿ ಒಂದೇ ಉದ್ದೇಶದಿಂದ ಹುಟ್ಟಿದವುಗಳಲ್ಲ. ಗಂಗರ ಕಾಲದ ಗರ್ಭಗುಡಿಗೆ ಹೊಯ್ಸಳರು ನವರಂಗವನ್ನು ಸೇರಿಸಿ, ವಿಜಯನಗರದವರು ಗೋಪುರವನ್ನೆತ್ತಿಸಿದ ದೇವಾಲಯವನ್ನು ಇಂದಿನ ಭಕ್ತನು ಒಂದೇ ಕಟ್ಟಡವೆಂದು ಭಾವಿಸಿ ಒಳಗೆ ಹೋಗುವಂತೆ, ಅಭ್ಯರ್ಥಿಯೂ ಈ ಕಡತವನ್ನು ಒಂದೇ ವಸ್ತುವೆಂದು ಭಾವಿಸುತ್ತಾನೆ. ಇದರ ಪದರಗಳನ್ನು ಬೇರ್ಪಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ. ಹಾಗೆ ನೋಡಿದಾಗ ಪ್ರತಿ ಪದರದಲ್ಲಿಯೂ ಒಂದೇ ಪ್ರಶ್ನೆ ಎದುರಾಗುತ್ತದೆ: ಒಬ್ಬ ವ್ಯಕ್ತಿಯ ವಿಷಯದಲ್ಲಿ ಯಾರ ಮಾತನ್ನು ನಂಬಬೇಕು?

ಪತ್ರವನ್ನು ನಂಬುವುದೂ ಶಂಕಿಸುವುದೂ ನಮಗೆ ಹೊಸತಲ್ಲ. ತಾಮ್ರಪಟಗಳಲ್ಲಿ ಸಾಕ್ಷಿಗಳ ಹೆಸರು ಬರುತ್ತದೆ, ರಾಜಮುದ್ರೆ ಇರುತ್ತದೆ. ಆದರೂ ಕೂಟಶಾಸನಗಳು ಹುಟ್ಟಿದವು. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಅವರು ಕೂಟವೆಂದು ತಳ್ಳಿಹಾಕಿದ ಸಂಗತಿ ಶಾಸನಾಭ್ಯಾಸಿಗಳಿಗೆ ತಿಳಿದೇ ಇದೆ. ಆದರೆ ಆ ಪತ್ರಗಳು ಭೂಮಿಯ ಹಕ್ಕನ್ನು ಹೇಳುತ್ತಿದ್ದವು. ಮನುಷ್ಯನ ಯೋಗ್ಯತೆಯನ್ನು ಹೇಳುವ ಪತ್ರವು ಬಳಕೆಗೆ ಬಂದದ್ದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ.

ಈಸ್ಟ್ ಇಂಡಿಯಾ ಕಂಪನಿಯ ಉನ್ನತ ಸೇವೆಗೆ ಸೇರಬೇಕಾದ ತರುಣನಿಗೆ ಮೊದಲು ಬೇಕಾಗಿದ್ದುದು ನಿರ್ದೇಶಕರೊಬ್ಬರ ನಾಮನಿರ್ದೇಶನ. 1806ರಲ್ಲಿ ಆರಂಭವಾದ ಹೇಲಿಬರಿಯ ವಿದ್ಯಾಲಯಕ್ಕೂ ಆ ಮಾರ್ಗದಿಂದಲೇ ಪ್ರವೇಶ. 1853ರ ಶಾಸನವು ಈ ಹಕ್ಕನ್ನು ನಿರ್ದೇಶಕರಿಂದ ಕಿತ್ತುಕೊಂಡಿತು. 1855ರಲ್ಲಿ ಲಂಡನ್ನಿನಲ್ಲಿ ಮೊದಲ ಸ್ಪರ್ಧಾಪರೀಕ್ಷೆ ನಡೆಯಿತು. ಇತ್ತ ಭಾರತದಲ್ಲಿ 1844ರಲ್ಲಿ ಹಾರ್ಡಿಂಜ್ ಅವರ ನಿರ್ಣಯವು ಇಂಗ್ಲಿಷ್ ವಿದ್ಯಾಭ್ಯಾಸ ಪಡೆದವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ಇತ್ತಿತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು. ದೊಡ್ಡವರ ಮಾತಿನ ಸ್ಥಾನದಲ್ಲಿ ಅಂಕಗಳು ಬಂದು ಕುಳಿತವು. ಅಂಕಪಟ್ಟಿಯನ್ನು ಇಂದು ನಾವು ಎಷ್ಟೇ ಹಳಿಯಲಿ, ಅದು ಹುಟ್ಟಿದಾಗ ಬಿಡುಗಡೆಯ ಪತ್ರವೇ ಆಗಿತ್ತೆಂಬುದನ್ನು ಮರೆಯಲಾಗದು.

ಕಡತದ ತಳದಲ್ಲಿರುವ ಹತ್ತನೆಯ ತರಗತಿಯ ಅಂಕಪಟ್ಟಿಯ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅದು ಕೇವಲ ಅಂಕಗಳನ್ನು ತಿಳಿಸುವ ಪತ್ರವಲ್ಲ. ಜನ್ಮದಿನಕ್ಕೂ ಹೆಸರಿಗೂ ಅದೇ ಆಧಾರ. ಜನನ ಮರಣಗಳ ನೋಂದಣಿಯನ್ನು ದೇಶದಾದ್ಯಂತ ಒಂದೇ ಕ್ರಮಕ್ಕೆ ತಂದ ಶಾಸನವು 1969ರದು. ಜನನ ಪ್ರಮಾಣಪತ್ರವೊಂದನ್ನೇ ವಿದ್ಯಾಸಂಸ್ಥೆಗಳ ಪ್ರವೇಶಕ್ಕೆ ಜನ್ಮದಿನದ ಪುರಾವೆಯಾಗಿ ಬಳಸಬಹುದೆಂಬ ತಿದ್ದುಪಡಿ ಬಂದದ್ದು 2023ರಲ್ಲಿ. ನಡುವಣ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಮಗುವಿನ ಜನ್ಮದಿನವನ್ನು ನಿಶ್ಚಯಿಸಿದವರು ಅನೇಕ ವೇಳೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗುತ್ತಿದ್ದುದರಿಂದ, ವಯಸ್ಸು ಸರಿಹೋಗುವಂತೆ ಜೂನ್ 1 ಎಂದು ದಾಖಲಾತಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಜೂನ್ 1ರಂದು ಹುಟ್ಟಿದವರು ನಮ್ಮಲ್ಲಿ ಇಷ್ಟು ಮಂದಿ ಇರುವುದಕ್ಕೆ ಕಾರಣವನ್ನು ಗ್ರಹಗತಿಯಲ್ಲಿ ಹುಡುಕಬೇಕಾಗಿಲ್ಲ. ಆ ಒಂದು ಬರವಣಿಗೆ ವರ್ಗಾವಣೆ ಪತ್ರಕ್ಕೆ ಇಳಿದು, ಅಲ್ಲಿಂದ ಅಂಕಪಟ್ಟಿಗೆ, ಅಲ್ಲಿಂದ ಮುಂದಿನ ಎಲ್ಲ ಪತ್ರಗಳಿಗೂ ಇಳಿಯುತ್ತದೆ.

ಹೆಸರಿನ ತೊಡಕು ಇನ್ನೂ ದೊಡ್ಡದು. ಹಳೆಯ ಮೈಸೂರು ಸೀಮೆಯಲ್ಲಿ ವ್ಯಕ್ತಿಗೆ ಮನೆತನದ ಹೆಸರೆಂಬುದು ಸಾಮಾನ್ಯವಾಗಿ ಇರಲಿಲ್ಲ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ತನ್ನ ಹೆಸರು: ಇದು ಇಲ್ಲಿನ ಕ್ರಮ. ಉತ್ತರ ಕರ್ನಾಟಕದಲ್ಲಿಯಾದರೋ ಅಡ್ಡಹೆಸರು ಉಂಟು. ಅರ್ಜಿಯ ನಮೂನೆಯು ಮೊದಲ ಹೆಸರು ಯಾವುದು, ಕೊನೆಯ ಹೆಸರು ಯಾವುದು ಎಂದು ಕೇಳಿದಾಗ ಮೈಸೂರಿನ ವಿದ್ಯಾರ್ಥಿಯು ಊರಿನ ಹೆಸರನ್ನು ಬಿಡಿಸಿ ಬರೆಯಬೇಕೋ, ತಂದೆಯ ಹೆಸರನ್ನು ತನ್ನ ಮನೆತನವೆಂದು ಘೋಷಿಸಬೇಕೋ ತಿಳಿಯದೆ ನಿಲ್ಲುತ್ತಾನೆ. ನನ್ನ ವಿದ್ಯಾರ್ಥಿಯೊಬ್ಬನ ಕಡತದಲ್ಲಿ ಅವನ ತಂದೆಯ ಹೆಸರು ಮೂರು ಪತ್ರಗಳಲ್ಲಿ ಮೂರು ಬಗೆಯಾಗಿತ್ತು; ಒಂದರಲ್ಲಿ ‘ಗೌಡ’ ಸೇರಿತ್ತು, ಒಂದರಲ್ಲಿ ಬಿಟ್ಟುಹೋಗಿತ್ತು, ಮತ್ತೊಂದರಲ್ಲಿ ಊರಿನ ಅಕ್ಷರವೇ ಬೇರೆ. ಮೂವರೂ ಒಬ್ಬರೇ ಎಂಬುದಕ್ಕೆ ನೋಟರಿಯ ಮುಂದೆ ಪ್ರಮಾಣಮಾಡಿದ ಪತ್ರವೊಂದು ಬೇಕಾಯಿತು. ಶಾಸನದಲ್ಲಿ ಒಬ್ಬನೇ ಅರಸನಿಗೆ ಹತ್ತು ಬಿರುದುಗಳಿದ್ದರೆ ನಾವು ಸಂತೋಷದಿಂದ ಹೊಂದಿಸಿಕೊಳ್ಳುತ್ತೇವೆ. ರೈತನಿಗೆ ಆ ಸೌಕರ್ಯವಿಲ್ಲ.

ನಕಲಿನ ದೃಢೀಕರಣವು ಮತ್ತೊಂದು ಪದರ. ಗೆಜೆಟ್ಟಿನಲ್ಲಿ ಹೆಸರು ಪ್ರಕಟವಾದ ಪತ್ರಾಂಕಿತ ಅಧಿಕಾರಿಯು ಮೂಲವನ್ನು ನೋಡಿ, ನಕಲಿನ ಮೇಲೆ ಸಹಿ ಮಾಡಿ ಮೊಹರು ಹಾಕಿದರೆ ಮಾತ್ರ ಅದು ನಂಬಿಕೆಗೆ ಅರ್ಹ. ಅಧಿಕಾರಿಗಳ ಪರಿಚಯವಿದ್ದ ಪಟ್ಟಣದ ಮನೆಯವರಿಗೆ ಇದು ಒಂದು ಸಂಜೆಯ ಕೆಲಸ. ಪರಿಚಯವಿಲ್ಲದವರಿಗೆ ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಕಳೆದ ದಿನಗಳು. 2014ರಲ್ಲಿ ಕೇಂದ್ರ ಸರ್ಕಾರವು ಅಭ್ಯರ್ಥಿಯೇ ತನ್ನ ನಕಲುಗಳಿಗೆ ಸಹಿ ಮಾಡುವ ಪದ್ಧತಿಗೆ ಪ್ರೋತ್ಸಾಹವಿತ್ತಿತು. ಮರುವರ್ಷ ಡಿಜಿಲಾಕರ್ ಬಂದಿತು. ಪ್ರಜೆಯ ಮಾತನ್ನು ಮೊದಲು ನಂಬಿ, ಸುಳ್ಳಾದರೆ ಆಮೇಲೆ ಶಿಕ್ಷಿಸುವ ಈ ಕ್ರಮವು ಸಣ್ಣ ಸುಧಾರಣೆಯಂತೆ ಕಂಡರೂ, ನನ್ನ ಅಭಿಪ್ರಾಯದಲ್ಲಿ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇಲ್ಲ.

ಇನ್ನು ಈ ಪತ್ರಗಳನ್ನು ಕೇಳುವ ಸಂಸ್ಥೆಗಳ ವಿಷಯ. ಜಮ್‌ಷೆಡ್‌ಪುರದ ಎಕ್ಸ್‌ಎಲ್‌ಆರ್‌ಐ 1949ರಲ್ಲಿ ಆರಂಭವಾಯಿತು. 1959ರಲ್ಲಿ ಜಾರ್ಜ್ ರಾಬಿನ್ಸ್ ಅವರು ನೀಡಿದ ವರದಿಯ ತರುವಾಯ, 1961ರ ನವೆಂಬರಿನಲ್ಲಿ ಕಲ್ಕತ್ತದಲ್ಲಿಯೂ ಡಿಸೆಂಬರಿನಲ್ಲಿ ಅಹಮದಾಬಾದಿನಲ್ಲಿಯೂ ಐಐಎಂಗಳು ಸ್ಥಾಪಿತವಾದವು, ಬೆಂಗಳೂರಿನದು 1973ರಲ್ಲಿ. ಇವುಗಳಿಗೆ ಅರ್ಜಿ ಹಾಕಲು ಸಾಮಾನ್ಯವಾಗಿ ಪದವಿಯಲ್ಲಿ ಶೇಕಡಾ 50 ಅಂಕಗಳಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇಕಡಾ 45. ಇಲ್ಲೊಂದು ವಿನೋದವುಂಟು. ಪದವಿಯ ಪತ್ರವನ್ನು ಇಷ್ಟು ಕಟ್ಟುನಿಟ್ಟಾಗಿ ಕೇಳುತ್ತ ಬಂದ ಈ ಸಂಸ್ಥೆಗಳಿಗೆ ಸ್ವತಃ ಪದವಿ ನೀಡುವ ಅಧಿಕಾರವೇ ಇರಲಿಲ್ಲ. 2017ರ ಶಾಸನ ಬರುವವರೆಗೆ ಅವು ನೀಡುತ್ತಿದ್ದುದು ಡಿಪ್ಲೊಮಾ ಮಾತ್ರ.

ಕಡತದಲ್ಲಿ ಅತ್ಯಂತ ಭಾರವಾದ ಪತ್ರವೆಂದರೆ ಜಾತಿ ಮತ್ತು ಆದಾಯದ ಪ್ರಮಾಣಪತ್ರ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಸರ್ಕಾರಿ ಸೇವೆಯಲ್ಲಿ ಹಿಂದುಳಿದ ಕೋಮುಗಳ ಪ್ರಾತಿನಿಧ್ಯವನ್ನು ವಿಚಾರಮಾಡಿತು. 1950ರಲ್ಲಿ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಗಳ ಪಟ್ಟಿಯನ್ನು ನಿಗದಿಮಾಡಿತು. 1956ರಲ್ಲಿ ರಾಜ್ಯ ಒಂದಾದರೂ ಪಟ್ಟಿಗಳು ಒಂದಾಗಲಿಲ್ಲ: ಹೈದರಾಬಾದಿನಿಂದ ಬಂದ ಜಿಲ್ಲೆಗಳಿಗೆ ಒಂದು, ಬೊಂಬಾಯಿಯಿಂದ ಬಂದವಕ್ಕೆ ಒಂದು, ಹಳೆಯ ಮೈಸೂರಿಗೆ ಒಂದು. ಒಂದು ಜಿಲ್ಲೆಯಲ್ಲಿ ಪರಿಶಿಷ್ಟವೆನಿಸಿದ ಜಾತಿಯು ಮತ್ತೊಂದು ಜಿಲ್ಲೆಯಲ್ಲಿ ಹಾಗೆನಿಸದೆ ಇರುವುದು ಸಾಧ್ಯವಿತ್ತು. ಈ ಪ್ರಾದೇಶಿಕ ಕಟ್ಟುಗಳನ್ನು ಬಹುಮಟ್ಟಿಗೆ ತೆಗೆದದ್ದು 1976ರ ಶಾಸನ.

ಹಿಂದುಳಿದ ವರ್ಗಗಳ ವಿಷಯದಲ್ಲಿ ಇಂದ್ರಾ ಸಾಹ್ನಿ ಮೊಕದ್ದಮೆಯ ತೀರ್ಪು 1992ರ ನವೆಂಬರ್ 16ರಂದು ಬಂದಿತು. ಅದು ಕೆನೆಪದರವನ್ನು ಹೊರಗಿಡಬೇಕೆಂದುದರಿಂದ ಜಾತಿಯ ಜೊತೆಗೆ ವರಮಾನವನ್ನೂ ಹೇಳುವ ಪತ್ರ ಹುಟ್ಟಿತು. 1993ರಲ್ಲಿ 1 ಲಕ್ಷ ರೂಪಾಯಿ ಇದ್ದ ಮಿತಿಯು ಕ್ರಮವಾಗಿ ಏರಿ 2017ರಲ್ಲಿ 8 ಲಕ್ಷಕ್ಕೆ ಬಂದಿತು. ಕೇಂದ್ರ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ 27ರ ಮೀಸಲಾತಿಯನ್ನು ತಂದ 2006ರ ಶಾಸನವನ್ನು ಸರ್ವೋಚ್ಚ ನ್ಯಾಯಾಲಯವು 2008ರ ಏಪ್ರಿಲಿನಲ್ಲಿ ಎತ್ತಿಹಿಡಿದ ಮೇಲೆ ಈ ಪತ್ರವು ಐಐಎಂಗಳ ಅರ್ಜಿಯನ್ನೂ ಸೇರಿತು. ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ರಾಜ್ಯದ ಪಟ್ಟಿಯೇ ಬೇರೆ, ಕೇಂದ್ರದ ಪಟ್ಟಿಯೇ ಬೇರೆ. 2ಎ, 3ಬಿ ಎಂದು ಪ್ರವರ್ಗವನ್ನು ಸೂಚಿಸುವ ರಾಜ್ಯದ ಪತ್ರವು ಕೇಂದ್ರದ ಸಂಸ್ಥೆಗೆ ಸಲ್ಲದು. ಕೇಂದ್ರವು ಗೊತ್ತುಪಡಿಸಿದ ನಮೂನೆಯಲ್ಲಿಯೇ ಅದು ಇರತಕ್ಕದ್ದು. ಅಲ್ಲದೆ, 1993ರ ಆದೇಶದ ಪ್ರಕಾರ ಆದಾಯದ ಮಿತಿಯನ್ನು ಪರೀಕ್ಷಿಸುವಾಗ ವೇತನವನ್ನೂ ಕೃಷಿಭೂಮಿಯ ಆದಾಯವನ್ನೂ ಲೆಕ್ಕಕ್ಕೆ ಕೂಡಿಸತಕ್ಕದ್ದಲ್ಲ; ಹುದ್ದೆ ಮತ್ತು ಜಮೀನುಗಳಿಗೆ ಬೇರೆ ಅಳತೆಗಳಿವೆ. ಈ ನಿಯಮವನ್ನರಿಯದ ಗುಮಾಸ್ತರು ಎಲ್ಲವನ್ನೂ ಕೂಡಿಸಿ ಪತ್ರವನ್ನು ನಿರಾಕರಿಸುವುದುಂಟು. ಇದಕ್ಕೆ ವಿರುದ್ಧವಾಗಿ, 2019ರ 103ನೆಯ ತಿದ್ದುಪಡಿಯಿಂದ ಬಂದ ಆರ್ಥಿಕ ದುರ್ಬಲ ವರ್ಗದ ಪತ್ರಕ್ಕೆ ಎಲ್ಲ ಮೂಲದ ಆದಾಯವನ್ನೂ ಕೂಡಿಸಲೇಬೇಕು. ಎರಡರಲ್ಲಿಯೂ 8 ಲಕ್ಷವೆಂಬ ಒಂದೇ ಅಂಕಿ, ಲೆಕ್ಕ ಬೇರೆ. ಸಂವಿಧಾನದಿಂದ ದತ್ತವಾದ ಹಕ್ಕೊಂದು ಮೇಜಿನ ಮೇಲಿನ ಕೂಡಿಕೆಯ ತಪ್ಪಿನಿಂದ ಕಳೆದುಹೋಗಬಹುದು. ಪತ್ರ ಸಿಗದೆ ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿದವರ ಲೆಕ್ಕವನ್ನು ಯಾವ ದಾಖಲೆಯೂ ಇಡುವುದಿಲ್ಲ.

ಹೊಸ ಪದರವೊಂದು ಹಳೆಯದನ್ನೇ ಹೋಲುವುದು ಸೋಜಿಗ. 2001ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ ಮೊದಲಾದವು ಅಮೆರಿಕದ ಮಾದರಿಯನ್ನನುಸರಿಸಿ, ಅಂಕಗಳ ಜೊತೆಗೆ ಅಭ್ಯರ್ಥಿಯ ಪ್ರಬಂಧವನ್ನೂ ಶಿಫಾರಸು ಪತ್ರವನ್ನೂ ಕೇಳಿದವು. 1855ರಲ್ಲಿ ಪರೀಕ್ಷೆಯು ಹೊರಹಾಕಿದ ದೊಡ್ಡವರ ಮಾತು ಹೀಗೆ ಹಿಂಬಾಗಿಲಿನಿಂದ ಮತ್ತೆ ಬಂದಿದೆ. ಪ್ರಬಂಧದಲ್ಲಿ ಅಭ್ಯರ್ಥಿಯು ತನ್ನ ಮಾತನ್ನು ತಾನೇ ಹೇಳಬಹುದೆಂಬುದು ನಿಜವಾದ ಲಾಭವೇ. ಆದರೆ ಮನೆಯಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದವನು ಶಿಫಾರಸಿಗಾಗಿ ಯಾರಲ್ಲಿಗೆ ಹೋಗಬೇಕು? ಅವನು ಬರುವುದು ಪಾಠ ಹೇಳಿದ ಅಧ್ಯಾಪಕರ ಬಳಿಗೆ. ಮೇಲೆ ಹೇಳಿದ ವಿದ್ಯಾರ್ಥಿಯೂ, ಪದವಿ ಮುಗಿಸಿ ಕೆಲವು ವರ್ಷ ಕೆಲಸಮಾಡಿದ ಮೇಲೆ, ಅಂಥದೊಂದು ನಮೂನೆಯೊಡನೆ ಬಂದಿದ್ದನು. ಅಭ್ಯರ್ಥಿಯನ್ನು ತಾವು ಎಷ್ಟು ಕಾಲದಿಂದ ಬಲ್ಲಿರಿ ಎಂಬುದು ಅದರ ಮೊದಲ ಪ್ರಶ್ನೆ. ಅವನ ತಂದೆಯ ಮೂರು ಹೆಸರುಗಳೂ ಗೊತ್ತಿರುವಷ್ಟು ಕಾಲದಿಂದ ಎಂದು ಬರೆಯುವ ಮನಸ್ಸಾಯಿತು. ಜಾಗ ಚಿಕ್ಕದಾಗಿದ್ದುದರಿಂದ ವರ್ಷಗಳ ಸಂಖ್ಯೆಯನ್ನಷ್ಟೆ ಬರೆದು ಸಹಿ ಹಾಕಿದೆನು.